ಏಳನೇ ಯಂತ್ರದ ಕಿಟಕಿ

ನನ್ನ ಹತ್ತೂ ಬೆರಳು ನೆಟ್ಟಗಿವೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಂತ್ರಗಳ ನಡುವೆ ಬದುಕಿದ ಫಿಟ್ಟರನೊಬ್ಬ ಹೀಗೆ ಹೇಳಿದರೆ ಕೇಳಿದವರು ಹೊಗಳುತ್ತಾರೆ. ನಿವೃತ್ತಿಯ ದಿನ ಮಿಲ್ಲಿನಲ್ಲಿ ಶಾಲು ಹೊದಿಸಿ ಇದೇ ಮಾತನ್ನಾಡಿ ಚಪ್ಪಾಳೆ ತಟ್ಟಿದರು. ನಾನು ಎರಡೂ ಕೈಗಳನ್ನು ಶಾಲಿನ ಒಳಗೆ ಇಟ್ಟುಕೊಂಡು ಕೂತಿದ್ದೆ.

ಈಗ ಕಾರ್ಖಾನೆಗಳಲ್ಲಿ ಸುರಕ್ಷತೆ ನೋಡಿಕೊಳ್ಳುವುದಕ್ಕೆಂದೇ ಬೇರೆ ಜನರಿರುತ್ತಾರೆ. ನಮ್ಮ ಓಣಿಯ ಇಬ್ಬರು ಮೂವರು ಮಕ್ಕಳು ಆ ಕೆಲಸಕ್ಕೆ ಸೇರಿದ್ದಾರೆ. ಹಳದಿ ಟೊಪ್ಪಿಗೆ, ದಪ್ಪ ಬೂಟು, ಕೈಯಲ್ಲಿ ಒಂದು ಹಲಗೆ, ಹಲಗೆಗೆ ಸಿಕ್ಕಿಸಿದ ಹಾಳೆ. ಅವರಲ್ಲೊಬ್ಬಳು ಕೇಳಿದಳು, "ಅಜ್ಜಾ, ನಿಮ್ಮ ಅನುಭವಾ ಏನಾರ ಬರದು ಕೊಡ್ರಿ, ನಮಗ ಉಪಯೋಗ ಆಗತೈತಿ." ಉಪಯೋಗವಾಗುತ್ತದೋ ಇಲ್ಲವೋ ತಿಳಿಯದು. ನಾನು ಓದಿದ್ದು ಏಳನೆಯ ಇಯತ್ತೆವರೆಗೆ. ಉಳಿದ ಕನ್ನಡವನ್ನೆಲ್ಲ ಕರ್ಜಗಿಯಲ್ಲಿ ನನ್ನ ಅಜ್ಜಿ, ಆಕೆಯ ಓರಗೆಯ ಮುದುಕಿಯರು ಕಟ್ಟೆಯ ಮೇಲೆ ಕೂತು ಆಡುತ್ತಿದ್ದ ಮಾತಿನಿಂದ ಕಲಿತೆ. ಹಾಗಾಗಿ ಬರವಣಿಗೆ ಅಲ್ಲಲ್ಲಿ ಮಾತಿನ ದಾರಿ ಹಿಡಿದೀತು. ಯಾವಾಗ ಬಡ್ತಿ ಸಿಕ್ಕಿತು, ಯಾವ ಸಾಹೇಬರು ಮೆಚ್ಚಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದನ್ನು ಓದಿ ಯಾರ ಬೆರಳೂ ಉಳಿಯುವುದಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಹಾವೇರಿಯ ಒಂದು ವರ್ಕ್‌ಶಾಪಿಗೆ ಸೇರಿದೆ. ಎಣ್ಣೆ ಗಾಣ, ಹಿಟ್ಟಿನ ಗಿರಣಿ, ಹತ್ತಿ ಯಂತ್ರ, ಏನು ಕೆಟ್ಟರೂ ಅಲ್ಲಿಗೇ ಬರುತ್ತಿತ್ತು. ಉಸ್ತಾದರ ಹೆಸರು ಖಾದರಸಾಬ. ಬೈಯುವುದು ಉರ್ದುವಿನಲ್ಲಿ, ಕಲಿಸುವುದು ಕನ್ನಡದಲ್ಲಿ. ಅವರ ಬಲಗೈಯಲ್ಲಿ ಮೂರೇ ಬೆರಳು. ಆ ಕಾಲದಲ್ಲಿ ಬೆರಳಿಲ್ಲದಿರುವುದು ಫಿಟ್ಟರಿಗೆ ಒಂದು ಥರದ ಸರ್ಟಿಫಿಕೇಟು. ಚಹಾದ ಅಂಗಡಿಯಲ್ಲಿ ಅರ್ಧ ಬೆರಳು ಹೋದವನು ಪೂರಾ ಬೆರಳಿದ್ದವನಿಗೆ "ಸುಮ್ಮಕುಂದರಲೇ, ಹೊಸಬಾ" ಎನ್ನುತ್ತಿದ್ದ.

ಮೊದಲ ದಿನ ಉಸ್ತಾದರು ನನ್ನ ಎರಡೂ ಕೈ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಎಷ್ಟದಾವ?"

"ಏನ್ರಿ?"

"ಬೆರಳಲೇ, ಬೆರಳು."

"ಹತ್ತದಾವ್ರಿ."

"ಸಂಜೀಕ ಮನೀಗೆ ಹೋಗೂ ಮುಂದ ಮತ್ತ ಎಣಿಸಿ ಹೇಳಿ ಹೋಗು. ಒಂಬತ್ತಾದ ದಿವಸ ನಿನಗ ಕೆಲಸಾ ಬಂತು ಅಂತ ಮಂದಿ ಅಂತಾರ. ನಾ ಹಂಗ ಅನ್ನಂಗಿಲ್ಲ."

ಅಲ್ಲಿದ್ದಷ್ಟು ವರ್ಷವೂ ಪ್ರತಿ ಸಂಜೆ ಅವರ ಮುಂದೆ ನಿಂತು "ಹತ್ತು" ಎಂದು ಹೇಳಿಯೇ ಬಸ್ಸು ಹಿಡಿಯುತ್ತಿದ್ದೆ. ಅವರು ಕಲಿಸಿದ ಇನ್ನೊಂದು ಪಾಠ ಫ್ಯೂಜಿನದು. ಯಂತ್ರ ನಿಲ್ಲಿಸಿದರೆ ಸಾಲದು. ಫ್ಯೂಜು ಕಿತ್ತು ನಿನ್ನ ಕಿಸೆಗೆ ಹಾಕಿಕೊಂಡ ಮೇಲೆಯೇ ಕೈ ಹಾಕಬೇಕು. "ಅದು ನಿನ್ನ ಕಿಸೆದಾಗ ಇದ್ರ ಯಾರಪ್ಪ ಬಂದರೂ ಚಾಲೂ ಮಾಡಾಕ ಆಗಂಗಿಲ್ಲ" ಎನ್ನುತ್ತಿದ್ದರು. ಒಮ್ಮೆ ನಾನು ಒಂದು ಎಣ್ಣೆ ಗಾಣದ ಫ್ಯೂಜು ಕಿಸೆಯಲ್ಲಿಟ್ಟುಕೊಂಡು ಕೆಲಸ ಮುಗಿಸಿ, ಹಾಗೆಯೇ ಕರ್ಜಗಿಗೆ ಹೋಗಿಬಿಟ್ಟೆ. ಮರುದಿನ ಮಧ್ಯಾಹ್ನದವರೆಗೆ ಗಾಣ ನಿಂತಿತ್ತು. ಗಾಣದ ಸಾವಕಾರರು ಸೈಕಲ್ಲಿನ ಮೇಲೆ ಬಂದು ಉಸ್ತಾದರ ಮುಂದೆ ಕುಣಿದಾಡಿದರು. ಉಸ್ತಾದರು ಅವರೆದುರು ನನಗೆ ಎರಡು ಬಿಗಿದು, ಅವರು ಹೋದ ಮೇಲೆ ಚಹಾ ತರಿಸಿದರು. "ಹೊಡತಾ ಮರತಿದ್ದಕ್ಕ. ಚಹಾ ಕಿಸೆದಾಗ ಇಟ್ಟಿದ್ದಕ್ಕ" ಎಂದರು.

ಈ ಎರಡು ಪಾಠ ನನ್ನ ಕೈಗಳನ್ನು ಕಾಯ್ದವು. ಆದರೆ ಎರಡೂ ಸ್ವಂತ ಮೈಯ ಪಾಠಗಳು. ಇನ್ನೊಬ್ಬರ ಬೆರಳನ್ನು ಎಣಿಸುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ.

ಆಮೇಲೆ ಬ್ಯಾಡಗಿ. ಒಂದು ಖಾರದ ಪುಡಿಯ ಗಿರಣಿ. ಒಳಗಿನ ಕೋಣೆಯಲ್ಲಿ ಯಂತ್ರ, ಹಿತ್ತಲಲ್ಲಿ ಮೆಣಸಿನಕಾಯಿಯ ರಾಶಿ, ರಾಶಿಯ ಸುತ್ತ ತೊಟ್ಟು ಮುರಿಯುವ ಹೆಣ್ಣುಮಕ್ಕಳು. ನಿಂಗವ್ವನನ್ನು ಮೊದಲು ಕಂಡದ್ದು ಅಲ್ಲಿ. ಮೋಟೆಬೆನ್ನೂರಿನಾಕೆ. ಮೂವತ್ತರ ಆಸುಪಾಸು, ಗಂಡನಿಲ್ಲ, ಒಬ್ಬಳು ಮಗಳು. ಕೈತುಂಬ ಹಸಿರು ಬಳೆ ಇಡುತ್ತಿದ್ದಳು. ಗಂಡ ಹೋದ ಮೇಲೆ ಬಳೆ ಯಾಕೆಂದು ಯಾರೋ ಕೊಂಕು ನುಡಿದಾಗ, "ಇವು ನಮ್ಮಪ್ಪ ಇಡಿಸಿದ ಬಳಿ. ನಿಮ್ಮಪ್ಪ ಬಂದು ತಗದುಕೊಂಡು ಹೋಗಲಿ" ಎಂದಿದ್ದಳು. ಅಂಥ ಬಾಯಿ.

ಎಲ್ಲರೂ ಕೆಮ್ಮುತ್ತಿದ್ದರು. ಕೆಮ್ಮು ಆ ಕೆಲಸದ ಭಾಗವೆಂದೇ ತಿಳಿದಿದ್ದರು. ನನಗೆ ಕೆಡುಕೆನಿಸಿ, ದರ್ಜಿಯಿಂದ ಮಾಂಜರಪಾಟಿನ ಬಟ್ಟೆಯಲ್ಲಿ ಬಾಯಿಪಟ್ಟಿ ಹೊಲಿಸಿ ಹಂಚಿದೆ. ಸಾವಕಾರರು ಭುಜ ತಟ್ಟಿದರು. ಅವರಿಗೆ ಅದರಲ್ಲಿ ಖರ್ಚೇ ಇರಲಿಲ್ಲವಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಪಟ್ಟಿಗಳೂ ಕೊರಳಿಗೆ ಇಳಿದಿದ್ದವು.

"ಇಮಾಮಣ್ಣಾ," ನಿಂಗವ್ವ ಕರೆದಳು, "ಇದನ್ನ ಬಾಯಿಗೆ ಕಟಗೊಂಡ್ರ ಎಲಿ-ಅಡಿಕಿ ಎಲ್ಲಿ ಉಗುಳೂಣ್ರಿ? ನಿಮ್ಮ ಕಿಸೆದಾಗ?"

ಎಂಟು ದಿನಗಳ ನಂತರ ನೋಡಿದರೆ ಅದರಲ್ಲಿ ಚಹಾ ಸೋಸುತ್ತಿದ್ದರು. ನಾನು ಸಿಟ್ಟಾದೆ, ಹೇಳಿದ ಮಾತು ಕೇಳುವುದಿಲ್ಲವೆಂದು ಅವರನ್ನೇ ಬೈದೆ. ಆ ಸೆಖೆಯಲ್ಲಿ ಬಟ್ಟೆ ಕಟ್ಟಿಕೊಂಡು ಅವರ ನಡುವೆ ಒಂದು ತಾಸು ನಾನೇ ಕೂತು ನೋಡಿದ್ದರೆ ಬೈಯುತ್ತಿರಲಿಲ್ಲ.

ಆಮೇಲೆ ಯಂತ್ರದ ಕೋಣೆಯ ಗೋಡೆ ಒಡೆಸಿ ಘಾಟು ಹೊರಗೆಳೆಯುವ ದೊಡ್ಡ ಫ್ಯಾನು ಕೂರಿಸಿದೆ. ಒಳಗೆ ಗಾಳಿ ತಿಳಿಯಾಯಿತು. ಯಂತ್ರದವನು ಕೈಮುಗಿದ. ನಾನು ಉಬ್ಬಿಹೋದೆ. ಅರ್ಧ ತಾಸಿನಲ್ಲಿ ನಿಂಗವ್ವ ಕಣ್ಣು ಮೂಗು ಎಲ್ಲ ಸೋರಿಸುತ್ತ ಬಾಗಿಲಿಗೆ ಬಂದು ನಿಂತಳು.

"ಒಳಗಿಂದು ಹೊರಗ ಹಾಕೀರಿ, ಚಲೋ ಆತು. ಹೊರಗ ಕುಂತಾಕಿ ನಾನ ಅದೇನಲ್ರಿ!"

ಗೋಡೆಯ ಆಚೆಗೆ ಹಿತ್ತಲು, ಹಿತ್ತಲಲ್ಲಿ ಇಪ್ಪತ್ತು ಹೆಣ್ಣುಮಕ್ಕಳು. ನನ್ನ ಲೆಕ್ಕದಲ್ಲಿ ಅವರು ಇರಲೇ ಇಲ್ಲ. ಮಕ್ಕಳೇ, ನಿಮ್ಮ ಹಾಳೆಯಲ್ಲಿ ಇದನ್ನು ಬರೆದುಕೊಳ್ಳಿ: ಅಪಾಯವನ್ನು ಸರಿಸಿದರೆ ಅದು ಹೋದಂತಲ್ಲ, ಎಲ್ಲಿಗೆ ಸರಿಸಿದೆ ಎಂದು ನೋಡಿ. ಹುಟ್ಟುವ ಜಾಗದಲ್ಲೇ ಅದನ್ನು ನಿಲ್ಲಿಸಬೇಕು. ಆಗದಿದ್ದರೆ ಮನುಷ್ಯರಿಗೂ ಅದಕ್ಕೂ ನಡುವೆ ಗಟ್ಟಿಯಾದದ್ದೊಂದು ಇರಬೇಕು. ಅದೂ ಆಗದಿದ್ದರೆ ಬುದ್ಧಿಮಾತು. ಬಾಯಿಗೆ ಬಟ್ಟೆ ಕಟ್ಟುವುದು ಎಲ್ಲಕ್ಕಿಂತ ಕೊನೆಗೆ. ನಾನು ಕೊನೆಯದರಿಂದ ಶುರು ಮಾಡಿದ್ದೆ. ಪುಡಿ ಏಳುವಲ್ಲೇ ಮುಚ್ಚಳ ಕಟ್ಟಿ ಚೀಲಕ್ಕೆ ಎಳೆಯೋಣವೆಂದು ಕೇಳಿದಾಗ ಸಾವಕಾರರು, "ಮುಂದಿನ ಸುಗ್ಗೀಗೆ ನೋಡೂಣು" ಎಂದರು. ಮುಂದಿನ ಸುಗ್ಗಿಗೂ ಅದನ್ನೇ ಅಂದರು.

ನಿಂಗವ್ವನ ಕೆಮ್ಮು ಎದೆಗಿಳಿಯಿತು. ಡಾಕ್ಟರು ಘಾಟಿನ ಕೆಲಸ ಬಿಡು ಎಂದರು. ಅದೇ ಹೊತ್ತಿಗೆ, ತೊಂಬತ್ತರ ಸುಮಾರಿಗೆ, ನನಗೆ ರಾಣೆಬೆನ್ನೂರಿನ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಮೇಸ್ತ್ರಿಯ ಕೆಲಸ ಸಿಕ್ಕಿತು. ಹತ್ತಿಯಿಂದ ಕಾಳು ಬೇರೆ ಮಾಡುವ ಮಿಲ್ಲು. ಆಕೆಯನ್ನೂ ಅಲ್ಲಿಗೆ ಕರೆದೆ. "ಬಾರವ್ವಾ, ಅಲ್ಲಿ ಘಾಟಿಲ್ಲ" ಎಂದು ನಾನೇ ಹೇಳಿದ್ದು. ಹತ್ತಿಯ ನಾರೂ ಎದೆಗೆ ಒಳ್ಳೆಯದಲ್ಲ, ಆದರೆ ಖಾರದ ಮುಂದೆ ಅದು ಅವಳಿಗೆ "ಮಲ್ಲಿಗಿ ಹೂ ಇದ್ದಂಗ" ಆಗಿತ್ತು. ಮೋಟೆಬೆನ್ನೂರಿನಿಂದ ಬಸ್ಸಿಗೆ ಬಂದು ಹೋಗುತ್ತಿದ್ದಳು. ಆಕೆಗೆ ಏಳನೇ ನಂಬರಿನ ಯಂತ್ರ ಕೊಟ್ಟರು.

ಉದ್ದನೆಯ ಶೆಡ್ಡು. ಸಾಲಾಗಿ ಹನ್ನೆರಡು ಯಂತ್ರ. ಎಲ್ಲಕ್ಕೂ ಒಂದೇ ಮೋಟರು, ಒಂದೇ ಉದ್ದನೆಯ ಶಾಫ್ಟು. ಆ ಶಾಫ್ಟಿನಿಂದ ಒಂದೊಂದು ಯಂತ್ರದ ಪುಲ್ಲಿಗೆ ಒಂದೊಂದು ಚರ್ಮದ ಪಟ್ಟಾ. ಒಂದು ಯಂತ್ರ ನಿಲ್ಲಬೇಕೆಂದರೆ ಹನ್ನೆರಡೂ ನಿಲ್ಲಬೇಕು. ಪುಲ್ಲಿ ಜಾರದಂತೆ ಅದರ ನಡುವೆ ಬಡಿದು ಕೂರಿಸುವ ಉಕ್ಕಿನ ತುಂಡಿಗೆ ನಾವು ಚಾವಿ ಎನ್ನುತ್ತೇವೆ. ಅದರ ತಲೆ ಹೆಬ್ಬೆರಳಿನಷ್ಟು ಹೊರಗೆ ಚಾಚಿಕೊಂಡಿರುತ್ತದೆ. ಫಿಟ್ಟರನು ಮುಂದೆಂದಾದರೂ ಪುಲ್ಲಿ ಬಿಚ್ಚುವಾಗ ಅದನ್ನು ಹಿಡಿದು ಕೀಳಲಿ ಎಂಬುದಷ್ಟೇ ಅದರ ಉಪಯೋಗ. ಪುಲ್ಲಿ ವೇಗವಾಗಿ ತಿರುಗುವಾಗ ಆ ತಲೆ ಕಣ್ಣಿಗೆ ಕಾಣುವುದಿಲ್ಲ. ನಡುಭಾಗ ನಿಂತೇ ಇದೆಯೇನೋ ಎನ್ನಿಸುತ್ತದೆ.

ನಾನು ಸೇರಿದ ವರ್ಷವೇ ಕಾರ್ಖಾನೆ ಇನ್‌ಸ್ಪೆಕ್ಟರ್ ಬಂದು ಎಲ್ಲ ಪುಲ್ಲಿಗಳಿಗೂ ಜಾಳಿಗೆಯ ಮುಚ್ಚಿಗೆ ಹಾಕಲೇಬೇಕೆಂದು ಬರೆದು ಹೋದರು. ವಯಸ್ಸು ಚಿಕ್ಕದು, ಮನುಷ್ಯ ಒಳ್ಳೆಯವರು. ನಾನು ಕಬ್ಬಿಣದ ಚೌಕಟ್ಟು ಬೆಸೆದು, ಗಟ್ಟಿ ತಂತಿಯ ಜಾಳಿಗೆ ಕೂರಿಸಿ, ನಾಲ್ಕು ನಾಲ್ಕು ಬೋಲ್ಟು ಬಿಗಿದೆ. ಬೆರಳಿನ ತುದಿಯೂ ಒಳಗೆ ಹೋಗದಂತೆ ಮಾಡಿದೆ. ನನ್ನ ಜನ್ಮದಲ್ಲಿ ನಾನು ಮಾಡಿದ ಅತ್ಯಂತ ಸರಿಯಾದ ಕೆಲಸ ಅದು. ಅದು ಉಳಿದದ್ದು ಮುಂದಿನ ಅಮಾವಾಸ್ಯೆಯವರೆಗೆ.

ನಮ್ಮ ಸೀಮೆಯಲ್ಲಿ ಅಮಾವಾಸ್ಯೆಗೆ ಪೂಜೆಯಿಲ್ಲದೆ ಯಂತ್ರ ತಿರುಗುವುದಿಲ್ಲ. ಮುಂಜಾನೆ ಮೋಟರು ಚಾಲೂ ಮಾಡುವ ಮೊದಲು ಹೆಣ್ಣುಮಕ್ಕಳು ತಮ್ಮ ತಮ್ಮ ಯಂತ್ರ ಒರೆಸಿ, ಪುಲ್ಲಿಯ ನಡುವಿಗೆ ವಿಭೂತಿ ಎಳೆದು ಕುಂಕುಮ ಹಚ್ಚಿ, ಹೂ ಇಟ್ಟು ಊದಿನಕಡ್ಡಿ ಬೆಳಗುತ್ತಿದ್ದರು. ಮೇಸ್ತ್ರಿಯಾದ್ದರಿಂದ ಕಾಯಿ ಒಡೆಯುವ ಪಾಲು ನನ್ನದು. ಯಾಕೆಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಪುಲ್ಲಿಯ ನಡುವೆಂದರೆ ಅವರ ಪಾಲಿಗೆ ತಾಯಿಯ ಹಣೆ. ಅದರ ಮೇಲೀಗ ಜಾಳಿಗೆ.

"ಮಾರಿ ಮುಚ್ಚಿದ ತಾಯಿಗೆ ಕುಂಕುಮಾ ಎಲ್ಲಿ ಹಚ್ಚೂಣ್ರಿ ಇಮಾಮಣ್ಣಾ?" ಎಂದಳು ನಿಂಗವ್ವ. "ನಿಮ್ಮ ಮಂದಿ ಹೆಣ್ಣಮಕ್ಕಳಿಗೆ ಹಾಕಿದಂಗ ಬುರಕಾ ಹಾಕೀರಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕು, "ಜಾಳಿಗಿ ಮ್ಯಾಲ ಹಚ್ಚವ್ವಾ" ಎಂದೆ.

"ನಿಮ್ಮ ಹೆಂಡತಿ ಸುರಮಾ ಬುರಕಾದ ಮ್ಯಾಲ ಹಚಗೊಂತಾಳೇನು?"

ನಲವತ್ತೆಂಟು ಬೋಲ್ಟು ಬಿಚ್ಚಿದೆವು. ಪೂಜೆಯಾದ ಮೇಲೆ ಮತ್ತೆ ಬಿಗಿಯುವಷ್ಟು ಹೊತ್ತು ಮ್ಯಾನೇಜರರು ಕೊಡಲಿಲ್ಲ. ಜಾಳಿಗೆಗಳು ಗೋಡೆಗೊರಗಿ ನಿಂತವು. ನಾಳೆ ಹಾಕೋಣ, ನಾಡಿದ್ದು ಹಾಕೋಣ ಎನ್ನುತ್ತ ತಿಂಗಳುಗಳೇ ಕಳೆದವು. ಇನ್‌ಸ್ಪೆಕ್ಟರ್ ಮತ್ತೆ ಬಂದಾಗ ಗೋಡೆಯ ಬದಿಯ ಜಾಳಿಗೆ ನೋಡಿ, "ಇವು ಗೋಡೆಗೆ ಯಾಕ್ರೀ? ಗೋಡೆ ಯಾರನ್ನ ಕಚ್ಚತೈತಿ?" ಎಂದು ನನ್ನನ್ನು ಎಲ್ಲರೆದುರು ಬೈದರು.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಜಾಳಿಗೆ ಬಿಚ್ಚುವುದೇ ಬೇಡ. ಹಣೆಗೆ ನೇರವಾಗಿ ಒಂದು ಪುಟ್ಟ ಕಿಟಕಿ ಮಾಡಿದರೆ? ಒಂದು ಬದಿಗೆ ತಿರುಗಣಿ ಇಟ್ಟು, ಇನ್ನೊಂದು ಬದಿಗೆ ಕೊಂಡಿ ಹಾಕಿದರೆ? ಪೂಜೆಯೂ ಆಯಿತು, ಕಾಯಿದೆಯೂ ಉಳಿಯಿತು. ಏಳನೇ ಯಂತ್ರದ ಮೇಲೆ ಮೊದಲು ಮಾಡಿ ನೋಡೋಣವೆಂದು ನಿಂಗವ್ವನನ್ನು ಕರೆದು, ಒಂದು ತಗಡಿನ ಮೇಲೆ ಕೈಯಿಡಲು ಹೇಳಿದೆ. ಆಕೆಯ ಅಂಗೈಯ ಸುತ್ತ ಸೀಮೆಸುಣ್ಣದ ಗೆರೆ ಎಳೆದೆ.

"ಬಳಿ ಸೈತ ಹೋಗುವಂಗ ಮಾಡ್ರಿ ಮತ್ತ" ಎಂದು ಬಳೆ ಸದ್ದು ಮಾಡಿ ನಕ್ಕಳು. ಗೆರೆಯನ್ನು ಅರ್ಧ ಬೆರಳು ಹಿಗ್ಗಿಸಿದೆ.

ಹನ್ನೆರಡು ಯಂತ್ರಕ್ಕೂ ಕಿಟಕಿಯಾಯಿತು. ಹೆಣ್ಣುಮಕ್ಕಳು ಸಂತೋಷಪಟ್ಟು ಆ ಅಮಾವಾಸ್ಯೆ ಹೋಳಿಗೆ ಮಾಡಿ ತಂದರು. ಇನ್‌ಸ್ಪೆಕ್ಟರ್ ಮುಂದಿನ ಸಲ ಬಂದಾಗ ಜಾಳಿಗೆಗಳು ಜಾಗದಲ್ಲಿದ್ದುದನ್ನು ದೂರದಿಂದ ಕಂಡು ತಲೆಯಾಡಿಸಿದರು. ಕೊಂಡಿ ಅವರ ಕಣ್ಣಿಗೆ ಬೀಳಲಿಲ್ಲ.

ಬಿದ್ದದ್ದು ಖಾದರಸಾಬ ಉಸ್ತಾದರ ಕಣ್ಣಿಗೆ. ಯಾವುದೋ ಮದುವೆಗೆ ರಾಣೆಬೆನ್ನೂರಿಗೆ ಬಂದವರು ನನ್ನನ್ನು ನೋಡಲು ಮಿಲ್ಲಿಗೆ ಬಂದಿದ್ದರು. ನಾನು ಹೆಮ್ಮೆಯಿಂದ ಕಿಟಕಿ ತೋರಿಸಿದೆ. ಊಟದ ಹೊತ್ತು, ಯಂತ್ರ ನಿಂತಿತ್ತು. ಅವರು ಕೊಂಡಿ ತೆಗೆದು ತಮ್ಮ ಮೂರು ಬೆರಳಿನ ಕೈಯನ್ನು ಒಳಗೆ ಹಾಕಿ ಚಾವಿಯ ತಲೆಯನ್ನು ಸವರಿದರು.

"ಇಮಾಮ, ಕೈ ಹೋಗತೈತಿ ಅಂದ್ರ ಇದು ಜಾಳಿಗಿ ಅಲ್ಲಲೇ. ಬಾಗಲಾ."

"ಪೂಜಿ ಮಾಡೂ ಮುಂದ ಯಂತ್ರಾ ನಿಂತಿರತೈತ್ರಿ ಉಸ್ತಾದ."

"ಕಿಡಕೀಗೆ ಅದು ಗೊತ್ತೈತೇನು?"

ನಾನು ನಕ್ಕೆ. ಅವರು ನಗಲಿಲ್ಲ. ಹೋಗುವಾಗ ಹಳೆಯ ರೂಢಿಯಂತೆ "ಎಷ್ಟದಾವ?" ಎಂದರು. "ಹತ್ತು" ಎಂದೆ.

ಅದಾದ ಮೇಲೆ ಒಂದು ದಿನ ನಿಂಗವ್ವ ಒಡೆದ ಹಸಿರು ಬಳೆಯ ಮೂರು ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಬಂದಳು. ಕರೆಂಟು ಹೋಗಿ ಯಂತ್ರ ಇನ್ನೂ ನಿಧಾನ ತಿರುಗುತ್ತಿದ್ದಾಗ, ಒಳಗೆ ಬಿದ್ದ ಹೂ ತೆಗೆಯಲು ಕಿಟಕಿಯಲ್ಲಿ ಕೈ ಹಾಕಿದ್ದಳಂತೆ. ಚಾವಿಯ ತಲೆ ಬಳೆಗೆ ಬಡಿದಿತ್ತು. ಮಣಿಕಟ್ಟಿನ ಮೇಲೆ ಒಂದು ಗೀರು. "ತಾಯಿ ಬಳಿ ಕಸಗೊಂಡ್ಳು ನೋಡ್ರಿ" ಎಂದು ನಕ್ಕಳು. ನಾನೂ ನಕ್ಕು, ಹುಷಾರಾಗಿರಬೇಕೆಂದು ಹೇಳಿ ಕಳಿಸಿದೆ.

ಮಕ್ಕಳೇ, ನನ್ನ ಇಡೀ ಕೆಲಸದ ಬಾಳಿನಲ್ಲಿ ಯಂತ್ರ ನನಗೆ ಬಾಯಿಬಿಟ್ಟು ಹೇಳಿದ್ದು ಆ ಒಂದು ದಿನ. ಮೂರು ಚೂರು ಬಳೆ ಕಳಿಸಿ ಹೇಳಿತು. ಏಟು ತಪ್ಪಿತೆಂದು ನಗಬಾರದು, ತಪ್ಪಿದ ಏಟು ದಾರಿ ನೋಡಿಕೊಂಡು ಹೋಗಿರುತ್ತದೆ. ಆ ಚಾವಿಯ ತಲೆಯನ್ನು ಗರಗಸದಿಂದ ಕೊಯ್ದು ಹಾಕಲು ನನಗೆ ಕಾಲು ತಾಸು ಸಾಕಿತ್ತು. ಮನಸ್ಸಿಗೆ ಬಂದಿತ್ತು ಕೂಡ. ಆದರೆ ತಲೆ ಕೊಯ್ದರೆ ಮಳೆಗಾಲದ ರಿಪೇರಿಯಲ್ಲಿ ಪುಲ್ಲಿ ಬಿಚ್ಚುವುದು ನನಗೇ ಕಷ್ಟ. ಸುಗ್ಗಿ ಮುಗಿಯಲಿ, ಪುಲ್ಲಿ ಬಿಚ್ಚಿದಾಗ ಬೇರೆ ಚಾವಿ ಹಾಕೋಣವೆಂದುಕೊಂಡೆ. ಬ್ಯಾಡಗಿಯ ಸಾವಕಾರರ ಮಾತು ನನ್ನ ಬಾಯಿಗೂ ಬಂದಿತ್ತು. ಅದು ನನಗೆ ಆಗ ತಿಳಿಯಲಿಲ್ಲ.

ಅದು ಎಳ್ಳಮಾವಾಸ್ಯೆ. ಆ ದಿನಗಳಲ್ಲಿ ಕರೆಂಟು ಬಂದಾಗ ಬಂತು, ಹೋದಾಗ ಹೋಯಿತು. ಮುಂಜಾನೆ ಇನ್ನೂ ಪೂಜೆ ನಡೆದಿತ್ತು, ಕರೆಂಟು ಬಂತು. ಹೊರಗೆ ಹತ್ತಿಯ ಚಕ್ಕಡಿಗಳು ಸಾಲುಗಟ್ಟಿದ್ದವು. ಮ್ಯಾನೇಜರರು ಓಡಿ ಬಂದರು.

"ಲಗೂ ಲಗೂ ಮುಗಸ್ರೆವಾ! ಮತ್ತ ಹೋದ್ರ ಸಂಜೀ ಮಟಾ ಬರಂಗಿಲ್ಲ. ಇಮಾಮಸಾಬ, ಚಾಲೂ ಮಾಡಸ್ರಿ!"

ಹನ್ನೊಂದು ಯಂತ್ರದ ಪೂಜೆಯಾಗಿತ್ತು. ಏಳನೆಯದರ ಮುಂದೆ ಯಾರೂ ಇರಲಿಲ್ಲ. ಮೋಟೆಬೆನ್ನೂರಿನ ಬಸ್ಸು ಬಂದಿರಲಿಲ್ಲ. ನಾನು ಮೋಟರಿನವನಿಗೆ ಕೈ ಮಾಡಿದೆ. ಸಾಲು ತಿರುಗಿತು.

ನಿಂಗವ್ವ ಬಂದದ್ದು ಅರ್ಧ ತಾಸು ತಡವಾಗಿ. ತಲೆಸ್ನಾನ ಮಾಡಿದ್ದಳು. ಕೈಯಲ್ಲಿ ಹೂವಿನ ಪೊಟ್ಟಣ, ಕುಂಕುಮದ ಬಟ್ಟಲು. ತಿರುಗುತ್ತಿದ್ದ ತನ್ನ ಯಂತ್ರ ಕಂಡು ಮುಖ ಕಪ್ಪಿಟ್ಟಿತು. ನೇರ ನನ್ನ ಹತ್ತಿರ ಬಂದಳು.

"ಎಲ್ಲಾ ತಾಯಂದ್ರಿಗೆ ಆತು, ನನ್ನಾಕಿ ಒಬ್ಬಾಕಿ ಉಳದ್ಲು. ಒಂದ ಗಳಿಗಿ ನಿಲ್ಲಸ್ರಿ ಇಮಾಮಣ್ಣಾ."

"ಒಂದ ನಿಲ್ಲಾಂಗಿಲ್ಲವ್ವಾ, ಹನ್ನೆರಡೂ ನಿಲ್ಲಸಬೇಕು. ಕರೆಂಟ ಹೋದಾಗ ಮಾಡೀಯಂತ."

"ಅಮಾಸಿ ದಿವಸಾ ಬರೇ ಹಣೀಲೆ ತಿರಗಿದ್ರ ಆಕಿ ಯಾರನ್ನಾರ ಬೇಡತಾಳ್ರಿ. ನಾ ನನ್ನ ಸಲುವಾಗಿ ಹೇಳಾಕತ್ತಿಲ್ಲ."

"ಬೇಡಿದ್ರ ನನ್ನ ಬೇಡ್ಲಿ, ಹೋಗು" ಎಂದೆ. ಚೇಷ್ಟೆಯ ಮಾತು. ಮ್ಯಾನೇಜರರು ನೋಡುತ್ತಿದ್ದರು.

ಆಕೆ ಹೋದಳು. ಸ್ವಲ್ಪ ಹೊತ್ತು ಯಂತ್ರಕ್ಕೆ ಹತ್ತಿ ಹಾಕಿದಳು. ಆಮೇಲೆ ಪುಲ್ಲಿಯ ಕಡೆಗೆ ಬಗ್ಗಿ ಕೊಂಡಿ ತೆಗೆದಳು. ಇದನ್ನು ನಾನು ಕಂಡೆ. ದೂರ ಇಪ್ಪತ್ತು ಹೆಜ್ಜೆ. ಕೂಗಿದೆ, ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಬೆರಳ ತುದಿಯಲ್ಲಿ ಕುಂಕುಮವಿತ್ತು. ನಿಂತಂತೆ ಕಾಣುವ ಆ ನಡುಭಾಗಕ್ಕೆ ಮಗುವಿನ ಹಣೆಗೆ ಹಚ್ಚುವ ಹಾಗೆ ಮೆಲ್ಲಗೆ ಕೈ ನೀಡಿದಳು.

ಮೋಟರಿನ ಸ್ವಿಚ್ಚು ಶೆಡ್ಡಿನ ಇನ್ನೊಂದು ತುದಿಯಲ್ಲಿತ್ತು. ಅದರ ಮುಂದೆ ಅರಳೆ ಒತ್ತಿ ಕಟ್ಟಿದ ಅಂಡಿಗೆಗಳನ್ನು ಪೇರಿಸಿದ್ದರು. ನಾನು ಅವನ್ನು ಹತ್ತಿ ಇಳಿದು ಸ್ವಿಚ್ಚು ಎಳೆಯುವಷ್ಟರಲ್ಲಿ ಆಗಬೇಕಾದದ್ದೆಲ್ಲ ಆಗಿತ್ತು. ಬಲಗೈ ಮೊಣಕೈಯವರೆಗೆ ಉಳಿಯಲಿಲ್ಲ. ಅರಳೆಯಲ್ಲೇ ಸುತ್ತಿ ಎತ್ತಿಕೊಂಡು ಹೋದೆವು. ದಾರಿಯಲ್ಲಿ ಆಕೆ ಅಳಲಿಲ್ಲ. "ಹತ್ತಿತೇನ್ರಿ?" ಎಂದು ಕೇಳಿದಳು. ಕುಂಕುಮ ಹತ್ತಿತೇ ಎಂದು ಕೇಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅದೇ ಮಧ್ಯಾಹ್ನ ಮ್ಯಾನೇಜರರು ನನ್ನನ್ನು ಕರೆದರು. ದನಿ ಮೆತ್ತಗಿತ್ತು.

"ಇಮಾಮಸಾಬ, ಆ ಕಿಡಕಿ ಎಲ್ಲಾ ತಗಡ ಬಡದು ವೆಲ್ಡಿಂಗ್ ಮಾಡಿಬಿಡ್ರಿ. ಇನ್ನೊಬ್ಬಾಕಿಗೆ ಹಿಂಗ ಆಗಬಾರದು."

ಸರಿಯಾದ ಮಾತೇ ಅನ್ನಿಸಿತು. ಅಳುತ್ತಲೇ ಬೆಸೆದೆ. ಹನ್ನೆರಡೂ ಮುಗಿಯುವ ಹೊತ್ತಿಗೆ ಮತ್ತೆ ಬಂದರು. "ಮ್ಯಾಲ ಹಸರ ಬಣ್ಣಾ ಒಂದ ಕೈ ಹೊಡೀರಿ. ಹಳೇದು ಹೊಸಾದು ಒಂದ ಕಾಣಲಿ." ಆಗ ತಿಳಿಯಿತು. ತಿಳಿದ ಮೇಲೂ ಬಣ್ಣ ಹೊಡೆದೆ. ಆ ಬಣ್ಣದ ಕುಂಚ ಹಿಡಿದದ್ದು ಈ ಹತ್ತು ಬೆರಳೇ.

ಇನ್‌ಸ್ಪೆಕ್ಟರ್ ಎರಡು ದಿನ ಬಿಟ್ಟು ಬಂದರು. ಏಳನೇ ಯಂತ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಜಾಳಿಗೆಯ ಸುತ್ತ ಬೆರಳಾಡಿಸಿದರು. ಆಸ್ಪತ್ರೆಯಲ್ಲಿ ನಿಂಗವ್ವ ಕಿಟಕಿಯ ವಿಷಯ ಅವರಿಗೆ ಹೇಳಿದ್ದಳು.

"ಮೇಸ್ತ್ರಿ, ಇಲ್ಲಿ ಕಿಡಕಿ ಇತ್ತಂತ. ಖರೇನ?"

ಮ್ಯಾನೇಜರರು ನನ್ನ ಪಕ್ಕದಲ್ಲೇ ನಿಂತಿದ್ದರು. ನಡುವೆ ಬಾಯಿ ಹಾಕಿದರು, "ಪೂಜಿ ಮಾಡಾಕ ಆಕಿನ ಬೋಲ್ಟ್ ಬಿಚ್ಯಾಳ್ರಿ ಸಾಹೇಬ್ರ. ಮದ್ಲಿಂದ ಇವರ ಹಟಾ ಅದು, ನೀವ ನೋಡೀರಲ್ಲ."

"ನಾ ಮೇಸ್ತ್ರೀನ್ನ ಕೇಳಾಕತ್ತೇನಿ."

ನನಗೆ ಮೂರು ಮಕ್ಕಳು. ಕೆಲಸ ಹೋದೀತು, ಕಿಟಕಿ ಮಾಡಿದವನೆಂದು ಕೇಸೂ ಆದೀತು. "ನಾ ಮೋಟರ್ ಕಡೆ ಇದ್ದೆರಿ," ಎಂದೆ, "ನೋಡಿಲ್ರಿ." ಅವರು ಬಹಳ ಹೊತ್ತು ನನ್ನ ಮುಖ ನೋಡಿ, ಎದ್ದು, ಬರೆದುಕೊಂಡರು. ಕೆಲಸಗಾರ್ತಿ ತಾನೇ ಮುಚ್ಚಿಗೆ ಬಿಚ್ಚಿದಳೆಂದರೆ ಮಿಲ್ಲಿನ ಮೇಲೆ ಭಾರ ಬೀಳುವುದಿಲ್ಲ. ನಿಂಗವ್ವನಿಗೆ ಪರಿಹಾರ ಸಿಗಲಿಲ್ಲ. ಅಲ್ಲಿದ್ದ ಹೆಣ್ಣುಮಕ್ಕಳನ್ನು ಯಾರೂ ಕೇಳಲಿಲ್ಲ. ಅವರೂ ನನ್ನ ಕಡೆ ನೋಡಿ ಸುಮ್ಮನಾದರು. ಅಣ್ಣ ಹೇಳದ್ದನ್ನು ತಾವು ಹೇಳುವುದು ಹೇಗೆಂದು.

ಮೂರು ನಾಲ್ಕು ವರ್ಷ ಆಕೆಯ ಊರಿನ ದಾರಿ ತುಳಿಯಲಿಲ್ಲ. ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತರೆ ಇನ್ನೊಂದು ಬದಿಯ ಕಿಟಕಿಗೆ ಮುಖ ಮಾಡಿ ಕೂರುತ್ತಿದ್ದೆ. ಕೊನೆಗೊಂದು ದಿನ ಇಳಿದು ಹೋದೆ. ಒಂದು ಪಾವು ಫೇಡೆ ಕಟ್ಟಿಸಿಕೊಂಡಿದ್ದೆ, ಇದಕ್ಕೆ ಫೇಡೆ ಕೊಡುವುದೇ ಎಂದು ನಾಚಿಕೆಯಾಗಿ ಚೀಲದಲ್ಲೇ ಇಟ್ಟುಕೊಂಡೆ.

ನಿಂಗವ್ವ ಅಂಗಳದಲ್ಲಿ ಎಡಗೈಯಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಕಾಯನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಕುಟ್ಟಿ ಒಡೆಯುವುದು. ಎದೆಯೊಳಗಿನ ಕೆಮ್ಮು ಮೊದಲಿಗಿಂತ ಹೆಚ್ಚಾಗಿತ್ತು.

"ಬರ್ರಿ ಇಮಾಮಣ್ಣಾ. ಕುಂದ್ರಿ" ಎಂದಳು. ಬೈಯಲಿಲ್ಲ. ಚಹಾ ಮಾಡಲು ಎದ್ದಳು, ನಾನು ಬೇಡವೆಂದೆ. ಆಮೇಲೆ ಆಕೆ ಆಚೀಚೆ ನೋಡಿ ದನಿ ತಗ್ಗಿಸಿದಳು.

"ಒಂದ ಮಾತ ಕೇಳತೇನಿ, ಖರೇ ಹೇಳ್ರಿ. ಆ ಕಿಡಕಿ ಇತ್ತಲ್ರಿ? ಇತ್ತೋ ಇಲ್ಲೋ?"

ನಾನು ನೆಲದ ಮೇಲಿನ ಶೇಂಗಾದ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದೆ.

"ಇರಲಿಲ್ಲ ಅಂತಾರ್ರಿ ಎಲ್ಲಾರೂ. ಅಳಿಯಾ ಹೋಗಿ ನೋಡಿ ಬಂದಾನ, ಗಟ್ಟಿ ಜಾಳಿಗಿ ಐತಿ ಅಂತಾನ. ಜೀವದ ಮ್ಯಾಲ ಎಚ್ಚರಿಲ್ಲದ ಹುಚ್ಚಿ, ಜಾಳಿಗಿ ಕಿತ್ತು ಕೈ ಹಾಕ್ಯಾಳ ಅಂತ ಮಗಳೂ ಅಂತಾಳ. ಕೇಳಿ ಕೇಳಿ ನನಗೂ ಹಂಗ ಅನಸಾಕತ್ತೇತಿ. ಕೊಂಡಿ ತ್ಯಗದಿದ್ದು ನೆನಪೈತಿ. ಕನಸಿನಾಗ ತ್ಯಗದೆನೋ ಏನೋ. ಕೈ ಹೋಗಿದ್ದು ಹೋತ್ರಿ. ತಲಿನೂ ಹೋಗಾಕತ್ತೇತಿ."

"ಇತ್ತವ್ವಾ," ಎಂದೆ. "ಇತ್ತು. ನಾನ ಮಾಡಿದ್ದೆ. ನಾನ ಮುಚ್ಚಿದೆ."

ಆಕೆ ಕಣ್ಣು ಮುಚ್ಚಿದಳು. ಭಾರ ಇಳಿಸಿದವಳಂತೆ ಒಂದು ಉಸಿರು ಬಿಟ್ಟಳು. ನನ್ನ ಮೇಲೆ ಸಿಟ್ಟಾದರೂ ಮಾಡಲಿ ಎಂದು ಕಾಯ್ದೆ. ಮಾಡಲಿಲ್ಲ.

"ಹಂಗಾರ ನೀವು ಬರಿಯಾಕ ಬಲ್ಲವರು, ಒಂದ ಹಾಳ್ಯಾಗ ಇಷ್ಟ ಬರದು ಕೊಡ್ರಿ. ಕಿಡಕಿ ಇತ್ತು ಅಂತ. ಕೋರ್ಟಿಗೆ ಅಲ್ಲ. ಮಗಳಿಗೆ ತೋರಸತೇನಿ."

ನನ್ನ ಕಿಸೆಯಲ್ಲಿ ಪೆನ್ನಿತ್ತು. "ಮುಂದಿನ ಸಲಾ ಬಂದಾಗ ಚಂದಂಗ ಬರದು ತರತೇನವ್ವಾ" ಎಂದೆ. ಇನ್ನೂ ಮಿಲ್ಲಿನಲ್ಲೇ ಇದ್ದೆನಲ್ಲ. ಕಾಗದ ಯಾರ ಕೈ ಸೇರುತ್ತದೋ ಎಂಬ ಅಂಜಿಕೆ. ಆಕೆ ತಲೆಯಾಡಿಸಿ ಮತ್ತೆ ಶೇಂಗಾ ಕುಟ್ಟಲು ಕೂತಳು.

ಮುಂದಿನ ಸಲ ನಾನು ಹೋದದ್ದು ಆಕೆಯ ಮಣ್ಣಿಗೆ. ಕೈಯಿಂದಲ್ಲ, ಬ್ಯಾಡಗಿಯ ಕೆಮ್ಮಿನಿಂದ ಸತ್ತಳು. ಮಗಳಿಗೆ ಏನಾದರೂ ಹೇಳಬೇಕೆಂದು ಹತ್ತಿರ ಹೋದೆ. ಆಕೆ ಬಂದವರೊಬ್ಬರಿಗೆ ಹೇಳುತ್ತಿದ್ದಳು, "ನಮ್ಮವ್ವಗ ಕಡೀಕ ತಲಿ ಸರಿ ಇರಲಿಲ್ರಿ. ಇಲ್ಲದ ಕಿಡಕಿ ಐತಿ ಅಂತಿದ್ಲು." ನಾನು ಮಣ್ಣು ಹಾಕಿ ತಿರುಗಿ ಬಂದೆ.

ಮಕ್ಕಳೇ, ನಿಮಗೆ ಕಲಿಸಲು ನನ್ನ ಹತ್ತಿರ ಬಹಳವೇನೂ ಇಲ್ಲ. ಈಗಿನ ಯಂತ್ರಗಳು ಬೇರೆ, ಮುಚ್ಚಿಗೆಗಳು ಬೇರೆ. ಅಪಘಾತವಾದ ಮೇಲೆ ನಿಮ್ಮ ಹಲಗೆಯ ಮೇಲಿನ ಹಾಳೆಯಲ್ಲಿ ಕಾರಣವೆಂದು ಒಂದು ಖಾಲಿ ಸಾಲು ಇರುತ್ತದೆ, ಅಷ್ಟು ಗೊತ್ತು. ಅಲ್ಲಿ ಕೆಲಸಗಾರರ ಅಜಾಗರೂಕತೆ ಎಂದು ಬರೆಯುವುದು ಬಹಳ ಸಲೀಸು. ಬರೆಯುವ ಮೊದಲು ಬಣ್ಣ ಹಸಿಯಿದೆಯೇ ಎಂದು ಮುಟ್ಟಿ ನೋಡಿ.

ಆಕೆ ಕೇಳಿದ್ದು ಒಂದೇ ಹಾಳೆ. ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಮಗಳು ಎಲ್ಲಿದ್ದಾಳೋ, ಇದನ್ನು ಓದುತ್ತಾಳೋ ಇಲ್ಲವೋ ಗೊತ್ತಿಲ್ಲ. ಹೀಗಿದೆ ಅದು:

ರಾಣೆಬೆನ್ನೂರಿನ ಹತ್ತಿ ಮಿಲ್ಲಿನ ಏಳನೇ ಯಂತ್ರದ ಜಾಳಿಗೆಗೆ ಕಿಟಕಿ ಇತ್ತು. ಬಲಕ್ಕೆ ತಿರುಗಣಿ, ಎಡಕ್ಕೆ ಕೊಂಡಿ. ಮೋಟೆಬೆನ್ನೂರಿನ ನಿಂಗವ್ವ ಜಾಳಿಗೆ ಕೀಳಲಿಲ್ಲ, ಬೋಲ್ಟು ಬಿಚ್ಚಲಿಲ್ಲ, ಆಕೆಗೆ ಹುಚ್ಚೂ ಇರಲಿಲ್ಲ. ಕಿಟಕಿ ಮಾಡಿದವನು ನಾನು. ಅಳತೆ ಆಕೆಯ ಬಲಗೈಯದು, ಬಳೆ ಸಹಿತ.